ರಿಜಿಸ್ಟ್ರಿಗೆ ಹಲವು ಸಾಲು: ಹಳೆಯದನ್ನು ಓದದೆ ಬರೆಯಬೇಡಿ

ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯಲ್ಲಿ ಪಹಣಿಗೆ ಉತಾರ ಎನ್ನುತ್ತಾರೆ. ಅದರ 9ನೇ ಕಾಲಂನಲ್ಲಿ ಜಂಟಿ ಮಾಲೀಕರ ಹೆಸರುಗಳು ಒಂದರ ಕೆಳಗೊಂದು ಇರುತ್ತವೆ. ಹೊಸ ಹೆಸರು ಸೇರಿಸುವಾಗ ಹಳೆಯವು ಅಳಿದರೆ ಆಗುವ ಅನಾಹುತವನ್ನು ವಿವರಿಸಬೇಕಿಲ್ಲ.

ವಿಂಡೋಸ್ ತನ್ನ ವ್ಯವಸ್ಥೆಯ ವಿವರಗಳನ್ನು ದಾಖಲಿಸಿಡುವ ರಿಜಿಸ್ಟ್ರಿಯಲ್ಲೂ ಇಂಥ ಬಹುಸಾಲಿನ ಮೌಲ್ಯಗಳಿವೆ. ಒಂದು ಫಾಂಟ್‌ನಲ್ಲಿ ಅಕ್ಷರ ಸಿಗದಿದ್ದರೆ ಮುಂದೆ ಯಾವುದರಲ್ಲಿ ಹುಡುಕಬೇಕೆಂಬ 'ಫಾಂಟ್‌ಲಿಂಕ್' ಪಟ್ಟಿ ಅದಕ್ಕೊಂದು ನಿದರ್ಶನ.

ಕಚೇರಿಯ ಹತ್ತಾರು ಗಣಕಯಂತ್ರಗಳಲ್ಲಿ ಇದನ್ನು ತಿದ್ದಲು ಸ್ಕ್ರಿಪ್ಟ್ ಅನುಕೂಲಕರ. ವಿಬಿಸ್ಕ್ರಿಪ್ಟ್‌ನಲ್ಲಿ ರೂಢಿಯಲ್ಲಿದ್ದ 'ರೆಗ್‌ರೈಟ್'ಗೆ ಬಹುಸಾಲು ಬರೆಯಲು ಬಾರದು. ಡಬ್ಲ್ಯುಎಂಐನ 'ಸೆಟ್‌ಮಲ್ಟಿಸ್ಟ್ರಿಂಗ್‌ವ್ಯಾಲ್ಯೂ' ಬರೆಯುತ್ತದೆ. ಅಪಾಯವಿರುವುದೂ ಇಲ್ಲಿಯೇ. ಅದು ಸಾಲನ್ನು ಸೇರಿಸುವುದಿಲ್ಲ, ಇಡೀ ಪಟ್ಟಿಯನ್ನೇ ಬದಲಿಸುತ್ತದೆ. ಒಂದೇ ಹೊಸ ಸಾಲು ಕೊಟ್ಟರೆ ಉಳಿದವು ಮಾಯ. ದೋಷದ ಸೂಚನೆಯೂ ಬಾರದು! ಆದ್ದರಿಂದ 'ಗೆಟ್‌ಮಲ್ಟಿಸ್ಟ್ರಿಂಗ್‌ವ್ಯಾಲ್ಯೂ' ಮೂಲಕ ಹಳೆಯ ಸಾಲುಗಳನ್ನು ಮೊದಲು ಓದಿ, ಹೊಸದನ್ನು ಜೋಡಿಸಿ, ಎಲ್ಲವನ್ನೂ ಒಟ್ಟಾಗಿ ಬರೆಯಬೇಕು. ನಡುವೆ ಖಾಲಿ ಸಾಲು ನುಸುಳಿದರೆ, ಪಟ್ಟಿ ಅಲ್ಲಿಗೇ ಮುಗಿಯಿತೆಂದು ಓದುವ ತಂತ್ರಾಂಶ ಭಾವಿಸಬಹುದು.

ವಿಬಿಸ್ಕ್ರಿಪ್ಟ್ ಅನ್ನು ಹಂತಹಂತವಾಗಿ ಕೈಬಿಡುವುದಾಗಿ ಮೈಕ್ರೋಸಾಫ್ಟ್ 2023ರಲ್ಲಿ ಪ್ರಕಟಿಸಿತು. ಪವರ್‌ಶೆಲ್‌ನಲ್ಲಿ ಮೌಲ್ಯದ ಬಗೆಯನ್ನು 'ಮಲ್ಟಿಸ್ಟ್ರಿಂಗ್' ಎಂದು ಸೂಚಿಸಿದರೆ ಸಾಕು. ಆದರೆ ಅಲ್ಲಿಯೂ ಹಳೆಯ ಸಾಲುಗಳು ತಾವಾಗಿ ಉಳಿಯವು. ಕೈಹಾಕುವ ಮುನ್ನ ಆ ಕೀಲಿಯನ್ನು 'ಎಕ್ಸ್‌ಪೋರ್ಟ್' ಮಾಡಿಟ್ಟುಕೊಂಡರೆ ಅಳಿದ ಸಾಲುಗಳನ್ನು ಮರಳಿ ತರಬಹುದು.