ಬಾಯಿಪಾಠ ಬಿಟ್ಟ ಇಂಗ್ಲಿಷ್ ತರಗತಿ

ಆಂಧ್ರದ ಗಡಿಗೆ ತಾಗಿದ ಮುಳಬಾಗಿಲು ತಾಲ್ಲೂಕಿನ ತಾಯಲೂರಿನ ಕಡೆ ಎಷ್ಟೋ ಮನೆಗಳಲ್ಲಿ ಮಾತು ತೆಲುಗು, ಶಾಲೆಯಲ್ಲಿ ಕನ್ನಡ. ಆರು ವರ್ಷದ ಮಗು ಅಜ್ಜಿಯ ಹತ್ತಿರ ಒಂದು ನುಡಿ, ಮೇಷ್ಟ್ರ ಹತ್ತಿರ ಇನ್ನೊಂದು ನುಡಿ ಸಲೀಸಾಗಿ ಆಡುತ್ತದೆ. ಅದೇ ಮಗು ಬೆಳೆದು, ಐಟಿಐ ಮುಗಿಸಿ, ನರಸಾಪುರದ ಕಾರ್ಖಾನೆಯೊಂದರ ಸಂದರ್ಶನಕ್ಕೆ ಹೋದಾಗ ‘ಮೈಸೆಲ್ಫ್’ ಎಂದು ಶುರುಮಾಡಿ, ಉರು ಹೊಡೆದ ನಾಲ್ಕು ಸಾಲು ಒಪ್ಪಿಸುತ್ತದೆ. ಆಮೇಲೆ ಊರಿಂದ ಇಲ್ಲಿಗೆ ಬರಲು ಎಷ್ಟು ಹೊತ್ತಾಯಿತು ಎಂದು ಇಂಗ್ಲಿಷಿನಲ್ಲಿ ಕೇಳಿದರೆ ಬಾಯಿ ಕಟ್ಟಿಹೋಗುತ್ತದೆ. ಉತ್ತರ ಗೊತ್ತು, ಬೇಕಾದ ಪದಗಳೂ ಗೊತ್ತು. ಕೇಳಿದ್ದಕ್ಕೆ ಥಟ್ಟನೆ ಹೇಳುವ ರೂಢಿ ಮಾತ್ರ ಇಲ್ಲ.

ಈ ತೊಡಕಿಗೆ ಒಂದು ದಾರಿ ಹುಡುಕಿದ್ದು ನಮ್ಮ ಬೆಂಗಳೂರೇ ಎಂಬುದು ಬಹಳ ಜನಕ್ಕೆ ತಿಳಿಯದು. ಜ್ಞಾನಭಾರತಿ ಆವರಣದಲ್ಲಿ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಇದೆ. 1963ರಲ್ಲಿ ಶುರುವಾದ ಇದರ ಕೆಲಸ ದಕ್ಷಿಣದ ರಾಜ್ಯಗಳ ಶಾಲಾ ಶಿಕ್ಷಕರಿಗೆ ಇಂಗ್ಲಿಷ್ ಕಲಿಸುವ ತರಬೇತಿ ಕೊಡುವುದು. ಮದ್ರಾಸಿನ ಬ್ರಿಟಿಷ್ ಕೌನ್ಸಿಲ್‌ನಲ್ಲಿದ್ದ ಎನ್.ಎಸ್. ಪ್ರಭು ಅವರು ಈ ಸಂಸ್ಥೆಯ ಜೊತೆಗೂಡಿ 1979ರಿಂದ 1984ರವರೆಗೆ ದಕ್ಷಿಣ ಭಾರತದ ಬೆರಳೆಣಿಕೆಯ ಶಾಲೆಗಳಲ್ಲಿ ಒಂದು ಪ್ರಯೋಗ ನಡೆಸಿದರು. ಲೋಕದ ಭಾಷಾ ಶಿಕ್ಷಕರ ನಡುವೆ ಅದು ಇವತ್ತಿಗೂ ‘ಬೆಂಗಳೂರು ಪ್ರಾಜೆಕ್ಟ್’ ಎಂದೇ ಹೆಸರುವಾಸಿ. 1987ರಲ್ಲಿ ಬಂದ ಪ್ರಭು ಅವರ ಪುಸ್ತಕವನ್ನು ಭಾಷಾಬೋಧನೆ ಓದುವವರು ಈಗಲೂ ಓದುತ್ತಾರೆ.

ಆಗಿನ ಪದ್ಧತಿ ವಾಕ್ಯದ ಅಚ್ಚುಗಳದ್ದು. ‘ದಿಸ್ ಈಸ್ ಎ ಪೆನ್’ ಎಂದು ಮೇಷ್ಟ್ರು ಹೇಳುವುದು, ಇಡೀ ತರಗತಿ ರಾಗವಾಗಿ ಹಿಂದೆ ಹೇಳುವುದು. ಅದು ಪೆನ್ನು ಎಂಬುದು ಎಲ್ಲರಿಗೂ ಕಾಣುತ್ತಲೇ ಇರುತ್ತದೆ. ಹೇಳುವ ಜರೂರೇನೂ ಇಲ್ಲ. ಪ್ರಭು ಅವರ ತರಗತಿಯಲ್ಲಿ ಇದನ್ನು ಕೈಬಿಟ್ಟು, ಮಕ್ಕಳ ಮುಂದೆ ರೈಲಿನ ವೇಳಾಪಟ್ಟಿ, ನಕ್ಷೆ, ಕ್ಯಾಲೆಂಡರ್ ಇಟ್ಟರು. ರೈಲು ಎಷ್ಟಕ್ಕೆ ಹೊರಡುತ್ತದೆ? ಈ ಸ್ಟೇಷನ್ನಿನಲ್ಲಿ ಎಷ್ಟು ನಿಮಿಷ ನಿಲ್ಲುತ್ತದೆ? ಮಧ್ಯಾಹ್ನದೊಳಗೆ ಊರು ಸೇರಬೇಕಾದವನು ಯಾವುದನ್ನು ಹತ್ತಬೇಕು? ಮೊದಲು ಅಂಥ ಒಂದು ಲೆಕ್ಕವನ್ನು ಮೇಷ್ಟ್ರು ಎಲ್ಲರ ಜೊತೆ ಮಾತಾಡುತ್ತಾ ಬಿಡಿಸುವುದು, ಆಮೇಲೆ ಅದರಂಥದೇ ಇನ್ನೊಂದನ್ನು ಮಕ್ಕಳು ತಾವೇ ಬಿಡಿಸುವುದು. ತರಗತಿಯ ಸುಮಾರು ಅರ್ಧದಷ್ಟು ಮಕ್ಕಳು ಅರ್ಧ ಕೆಲಸವನ್ನಾದರೂ ಸರಿಯಾಗಿ ಮಾಡಿದರೆ ಪಾಠದ ಮಟ್ಟ ಸರಿಯಿದೆ ಎಂದು ಲೆಕ್ಕ.

ತಾಯಲೂರಿನ ಕಡೆಯ ತರಗತಿಗೆ ರೈಲು ಬೇಕಿಲ್ಲ, ಟೊಮೆಟೊ ಸಾಕು. ವಡ್ಡಹಳ್ಳಿ ಮಾರುಕಟ್ಟೆಗೆ ಹೋಗುವ ಹದಿನೈದು ಕೆ.ಜಿ. ಬಾಕ್ಸನ್ನು ಕಾಣದ ಮಗು ಈ ಕಡೆ ಸಿಗುವುದು ಕಷ್ಟ. ಬೋರ್ಡಿನ ಮೇಲೆ ನಾಲ್ಕು ಅಂಕಿ ಬರೆದು ಹೀಗೆ ನಡೆಸಬಹುದು:

‘ಹೌ ಮೆನಿ ಬಾಕ್ಸಸ್?’

‘ಫಾರ್ಟಿ, ಮಿಸ್.’

‘ಹೌ ಮಚ್ ಫಾರ್ ಒನ್ ಬಾಕ್ಸ್?’

‘ತ್ರೀ ಹಂಡ್ರೆಡ್.’

‘ಅಂಡ್ ದ ಟೆಂಪೋ?’

‘ಹೀ ಟೇಕ್ ಟ್ವೆಂಟಿ.’

‘ಯೆಸ್, ಹೀ ಟೇಕ್ಸ್ ಟ್ವೆಂಟಿ ಫಾರ್ ಈಚ್ ಬಾಕ್ಸ್. ಸೋ, ಹೌ ಮಚ್ ಈಸ್ ಲೆಫ್ಟ್?’

ಮಗು ಬೆರಳು ಮಡಿಸಿ, ತೆಲುಗಲ್ಲೋ ಕನ್ನಡದಲ್ಲೋ ಗುಣಿಸಿ, ‘ಎಲೆವನ್ ಥೌಸಂಡ್ ಟೂ ಹಂಡ್ರೆಡ್’ ಎನ್ನುತ್ತದೆ. ‘ಟೇಕ್’ ಅಂದದ್ದು ತಪ್ಪು ಎಂದು ಮಿಸ್ ತಡೆಯಲಿಲ್ಲ. ಸರಿಯಾದ ರೂಪವನ್ನು ತಾವು ಆಡಿ ಮುಂದಕ್ಕೆ ಹೋದರು. ಪ್ರಭು ಅವರ ತರಗತಿಗಳಲ್ಲೂ ತಪ್ಪು ತಿದ್ದುತ್ತಿದ್ದುದು ಹೀಗೆ ನಡುನಡುವೆ, ಮಾತು ಕೆಡದಂತೆ. ಒಂದೇ ಪದದ ಉತ್ತರವೂ ಅಲ್ಲಿ ಉತ್ತರವೇ. ನನ್ನನ್ನು ಕೇಳಿದರೆ, ಹೊಸಬರ ನಾಲಿಗೆ ಬಿಡಿಸುವುದು ಈ ಒಂದು ಪದದ ಧೈರ್ಯವೇ. ಪೂರ್ತಿ ವಾಕ್ಯದಲ್ಲೇ ಹೇಳು ಎಂದು ಗದರುವ ತರಗತಿಯಲ್ಲಿ ಕೈ ಎತ್ತುವವರು ಮುಂದಿನ ಬೆಂಚಿನ ಇಬ್ಬರೇ.

ಹಾಗಂತ ಇದು ಎಲ್ಲಕ್ಕೂ ಮದ್ದಲ್ಲ. ಪ್ರಾಜೆಕ್ಟ್ ಮುಗಿದ ಮೇಲೆ ಪರೀಕ್ಷಿಸಿ ನೋಡಿದಾಗ ಒಟ್ಟಾರೆ ಫಲ ಇದರ ಕಡೆಗೇ ವಾಲಿತಾದರೂ, ಹಳೆಯ ಕ್ರಮದಲ್ಲಿ ಕಲಿತವರು ಅವರದೇ ಬಗೆಯ ವ್ಯಾಕರಣದ ಪರೀಕ್ಷೆಯಲ್ಲಿ ಮುಂದಿದ್ದರು. ಪಾಠ ಮಾಡುವವರಿಗೆ ಅಂಜದೆ ಇಂಗ್ಲಿಷ್ ಆಡುವ ಅಭ್ಯಾಸ ಬೇಕು, ಹಳ್ಳಿ ಶಾಲೆಯಲ್ಲಿ ಅದೇ ದೊಡ್ಡ ಕೊರತೆ. ಪ್ರಭು ಅವರು ಮಕ್ಕಳನ್ನು ಗುಂಪು ಮಾಡಿ ತಮ್ಮತಮ್ಮಲ್ಲೇ ಮಾತಾಡಿಸುವುದಕ್ಕೂ ಒಲವು ತೋರಲಿಲ್ಲ. ಒಬ್ಬರ ತಪ್ಪು ಇನ್ನೊಬ್ಬರಿಗೆ ಅಂಟಬಹುದು, ಮೊದಲು ಕೇಳಿ ಅರ್ಥವಾಗಲಿ ಎಂಬುದು ಅವರ ವಾದ. ಎಳೆಯ ಮಕ್ಕಳ ಮಟ್ಟಿಗೆ ಇದು ಒಪ್ಪುವ ಮಾತು. ಬರುವ ವಾರ ಸಂದರ್ಶನ ಇಟ್ಟುಕೊಂಡ ಇಪ್ಪತ್ತರ ಹುಡುಗನಿಗೆ ಅಷ್ಟು ವ್ಯವಧಾನವೆಲ್ಲಿ? ಅವನು ಗೆಳೆಯನ ಜೊತೆ ತಪ್ಪುತಪ್ಪಾಗಿಯಾದರೂ ಆಡಲಿ.

ಬಳಸುತ್ತಾ ಹೋದರೆ ನುಡಿ ಒಲಿಯುತ್ತದೆ ಎಂಬುದಕ್ಕೆ ಈ ಕಡೆಯವರೇ ಒಬ್ಬರು ಸಾಕ್ಷಿ. ಮುಳಬಾಗಿಲಿನಲ್ಲಿ ಹುಟ್ಟಿದ ಸಾಹಿತಿ ಡಿ.ವಿ.ಜಿ. ಮೆಟ್ರಿಕ್ಯುಲೇಷನ್ ದಾಟಿದವರಲ್ಲ. 1913ರಲ್ಲಿ ‘ಕರ್ನಾಟಕ’ ಎಂಬ ಇಂಗ್ಲಿಷ್ ಪತ್ರಿಕೆ ತೆಗೆದವರೂ ಅವರೇ. ಇಂಗ್ಲಿಷ್ ಅವರಿಗೆ ದಿನದ ಕೆಲಸವಾಗಿತ್ತು, ಕೈ ಪಳಗಿತು.

ರಾಜ್ಯದ ಸರ್ಕಾರಿ ಶಾಲೆಗಳಲ್ಲಿ 2007ರಿಂದ ಒಂದನೇ ತರಗತಿಗೇ ಇಂಗ್ಲಿಷ್ ಬಂದಿದೆ. ಹತ್ತು ವರ್ಷ ಕಲಿತೂ ಮಾತಾಡಲು ಹೆದರುವ ಮಕ್ಕಳು ನಮ್ಮಲ್ಲಿ ಇದ್ದಾರೆಂದರೆ ಪಿರಿಯಡ್ಡುಗಳ ಬಳಕೆಯಲ್ಲೇ ಎಲ್ಲೋ ಎಡವಟ್ಟಿದೆ. ಇಂಗ್ಲಿಷ್ ಪಾಠ ಮಾಡುವ ಮೇಷ್ಟ್ರುಗಳಲ್ಲಿ ಒಂದು ಕೋರಿಕೆ: ನಾಳಿನ ಪಿರಿಯಡ್ಡಿನ ಮೊದಲ ಹತ್ತು ನಿಮಿಷ ಪಠ್ಯಪುಸ್ತಕ ಮುಚ್ಚಿಡಿ. ಊರಿನ ಬಸ್ಸಿನ ವೇಳೆಯನ್ನು ಬೋರ್ಡಿನ ಮೇಲೆ ಬರೆದು, ಕೊನೆಯ ಬೆಂಚಿನಿಂದ ಪ್ರಶ್ನೆ ಕೇಳಲು ಶುರುಮಾಡಿ.