ಶಾಲ್ಕೆ ಕ್ಲಬ್ಬಿನ ಪತನ: ಸ್ಥಿರ ವೆಚ್ಚ, ಅಸ್ಥಿರ ಆದಾಯ

ಜರ್ಮನಿಯ ಗೆಲ್ಸನ್‌ಕಿರ್ಶೆನ್ ನಗರದ ಶಾಲ್ಕೆ 04 ಫುಟ್‌ಬಾಲ್ ಕ್ಲಬ್ 2017-18ರಲ್ಲಿ ಆ ದೇಶದ ಪ್ರಥಮ ದರ್ಜೆಯ ಬುಂಡೆಸ್‌ಲೀಗಾದಲ್ಲಿ ದ್ವಿತೀಯ ಸ್ಥಾನ ಗಳಿಸಿತ್ತು. ಮೂರೇ ವರ್ಷಗಳಲ್ಲಿ, 2020-21ರಲ್ಲಿ, ಹದಿನೆಂಟು ತಂಡಗಳ ಪೈಕಿ ಕೊನೆಯದಾಗಿ ಎರಡನೆಯ ದರ್ಜೆಗೆ ಇಳಿಯಿತು. ಆಡಿದ 34 ಪಂದ್ಯಗಳಲ್ಲಿ ಗೆಲುವು 3, ಸಮ 7, ಸೋಲು 24. ಆ ಒಂದೇ ಋತುವಿನಲ್ಲಿ ಐವರು ತರಬೇತುದಾರರು ಬಂದುಹೋದರು.

ಈ ಪತನದ ಬೇರು ಮೈದಾನದಲ್ಲಷ್ಟೇ ಅಲ್ಲ, ಲೆಕ್ಕಪತ್ರದಲ್ಲೂ ಇದೆ. ಆಟಗಾರರ ವೇತನವು ಹಲವು ವರ್ಷಗಳ ಕರಾರಿನಿಂದ ಬದ್ಧವಾದ ಸ್ಥಿರ ವೆಚ್ಚ. ದೂರದರ್ಶನ ಪ್ರಸಾರದ ಹಣ, ಯುರೋಪಿಯನ್ ಪಂದ್ಯಾವಳಿಗಳ ವರಮಾನ ಇವೆರಡೂ ತಂಡದ ಸ್ಥಾನವನ್ನು ಅವಲಂಬಿಸಿದ ಅಸ್ಥಿರ ಆದಾಯ. 2018-19ರಲ್ಲಿ ತಂಡ 14ನೆಯ ಸ್ಥಾನಕ್ಕೆ ಕುಸಿದಾಗ ಯುರೋಪಿಯನ್ ವರಮಾನ ನಿಂತಿತು. 2020ರಲ್ಲಿ ಕೊರೋನಾದಿಂದ ಕ್ರೀಡಾಂಗಣವೂ ಬರಿದಾಯಿತು. ಆ ವರ್ಷಾಂತ್ಯಕ್ಕೆ ಸಾಲ 20 ಕೋಟಿ ಯೂರೋ ಮೀರಿತ್ತು. ಸದಸ್ಯರ ನೋಂದಾಯಿತ ಸಂಘವಾದ್ದರಿಂದ ಷೇರು ಮಾರಿ ಬಂಡವಾಳ ತರುವ ಮಾರ್ಗವೂ ಇರಲಿಲ್ಲ.

ಇನ್ನೊಂದು ನಷ್ಟ ಕಣ್ಣಿಗೆ ಕಾಣದಂಥದು. ಕರಾರು ಮುಗಿದ ಆಟಗಾರನು ಬೇರೆ ಕ್ಲಬ್ ಸೇರಿದರೆ ಹಳೆಯ ಕ್ಲಬ್ಬಿಗೆ ವರ್ಗಾವಣೆ ಶುಲ್ಕ ದೊರೆಯದು. 2016ರಲ್ಲಿ ಮಾಟಿಪ್, 2018ರಲ್ಲಿ ಗೊರೆಟ್ಸ್ಕಾ, 2020ರಲ್ಲಿ ನ್ಯೂಬೆಲ್ ಹೀಗೆಯೇ ನಿರ್ಗಮಿಸಿದರು. ಬೆಲೆಬಾಳುವ ಆಸ್ತಿಗಳು ಬಿಡಿಗಾಸೂ ತಾರದೆ ಕೈಬಿಟ್ಟವು.

2022ರಲ್ಲಿ ಪ್ರಥಮ ದರ್ಜೆಗೆ ಮರಳಿದ ಶಾಲ್ಕೆ 2023ರಲ್ಲಿ ಪುನಃ ಇಳಿಯಿತು. ಒಳ್ಳೆಯ ವರ್ಷದ ಲಾಭವನ್ನು ನಂಬಿ ಕಾಯಂ ಹೊಣೆ ಹೊರುವ ವರ್ತಕನು, ಕೆಟ್ಟ ವರ್ಷದಲ್ಲೂ ಆ ಹೊಣೆ ಕಡಿಮೆಯಾಗದೆಂಬುದನ್ನು ಮೊದಲೇ ಲೆಕ್ಕಕ್ಕೆ ಹಿಡಿಯುವುದು ಲೇಸು.