ಅಲಮಾರಿಯಲ್ಲಿರುವ ಡಿಸ್ಕ್: ಯಾವುದನ್ನು ಮೊದಲು ಉಳಿಸಬೇಕು?

ಜೋಳದ ಹೊಲದಲ್ಲಿ ಹಕ್ಕಿ ಬೆದರಿಸಲು ದಾರಕ್ಕೆ ಕಟ್ಟಿದ ಸಿ.ಡಿ.ಗಳನ್ನು ನಮ್ಮ ಭಾಗದಲ್ಲಿ ಬಹಳ ಜನ ನೋಡಿರುತ್ತೀರಿ. ಬಿಸಿಲಿಗೆ ತಿರುಗುತ್ತ ಕಾಮನಬಿಲ್ಲಿನ ಬಣ್ಣ ಚೆಲ್ಲುವ ಆ ತಟ್ಟೆಗಳಲ್ಲಿ ಕೆಲವು ಒಂದು ಕಾಲಕ್ಕೆ ಸಿನಿಮಾ ಆಗಿದ್ದವು, ಕೆಲವು ಯಾರದೋ ಮನೆಯ ಮದುವೆ ಆಗಿದ್ದವು. ಹಕ್ಕಿಗೆ ಎರಡೂ ಒಂದೇ. ನಮಗೆ ಒಂದೇ ಅಲ್ಲ. ಆ ವ್ಯತ್ಯಾಸವೇನು, ಡಿಸ್ಕ್ ಹೇಗೆ ಕೆಲಸ ಮಾಡುತ್ತದೆ, ಯಾಕೆ ಹಾಳಾಗುತ್ತದೆ ಎಂಬುದನ್ನು ಇಲ್ಲಿ ನೋಡೋಣ.

ಎಲ್ಲವೂ ಮೊಬೈಲಿನಲ್ಲೇ ಸಿಗುವಾಗ ಡಿಸ್ಕ್ ಯಾಕೆ ಎಂದು ವಿದ್ಯಾರ್ಥಿಗಳು ಕೇಳುವುದು ಸಹಜ. ಆನ್‌ಲೈನ್ ಕಂಪನಿಗಳು ಬಹಳಷ್ಟು ಸಿನಿಮಾಗಳನ್ನು ಇಂತಿಷ್ಟು ಅವಧಿಗೆಂದು ಹಕ್ಕು ಪಡೆದು ತೋರಿಸುತ್ತವೆ. ಅವಧಿ ಮುಗಿದರೆ ಚಿತ್ರ ಕಾಣೆಯಾಗುತ್ತದೆ, ನಾವು ಕೊಟ್ಟ ಚಂದಾ ಬಾಡಿಗೆಯಷ್ಟೇ. ಕೊಂಡ ಡಿಸ್ಕ್ ಹಾಗಲ್ಲ, ಪುಸ್ತಕದಂತೆ ಮನೆಯಲ್ಲಿ ಉಳಿಯುತ್ತದೆ.

ಪ್ರತಿ ಇಲ್ಲದೆ ಹೋದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಭಾಷೆಯ ಮೊದಲ ಮಾತಿನ ಚಿತ್ರವೇ ಸಾಕ್ಷಿ. 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ಬಿಡುಗಡೆಯಾದ 'ಸತಿ ಸುಲೋಚನಾ' ಇಂದು ಎಲ್ಲಿಯೂ ಇಲ್ಲ. ನಿರ್ದೇಶಕ ವೈ.ವಿ. ರಾವ್, ಅಭಿನಯಿಸಿದವರು ಸುಬ್ಬಯ್ಯ ನಾಯ್ಡು, ತ್ರಿಪುರಾಂಬಾ, ಆರ್. ನಾಗೇಂದ್ರರಾವ್ ಎಂದು ಓದಬಹುದು, ನೋಡಲಾಗದು. 1931ರಲ್ಲಿ ಬಂದ ಭಾರತದ ಮೊದಲ ಮಾತಿನ ಚಿತ್ರ 'ಆಲಂ ಆರಾ' ಕೂಡ ಹೀಗೆಯೇ ಕಳೆದುಹೋಯಿತು. ಆಗ ಒಂದು ಚಿತ್ರಕ್ಕೆ ಕೆಲವೇ ಪ್ರಿಂಟುಗಳು ಇರುತ್ತಿದ್ದವು. ಓಡಿ ಓಡಿ ಸವೆದ ರೀಲುಗಳನ್ನು ಅದರಲ್ಲಿದ್ದ ಬೆಳ್ಳಿಗಾಗಿ ಕರಗಿಸಿದ್ದೂ ಉಂಟು. ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಹುಟ್ಟಿದ್ದು 1964ರಲ್ಲಿ, ಅಂದರೆ ಕನ್ನಡ ಚಿತ್ರ ಮಾತಾಡಲು ಕಲಿತು 30 ವರ್ಷಗಳಾದ ಮೇಲೆ.

ನೆಗೆಟಿವ್ ಉಳಿದಿದ್ದರೆ ಕಥೆ ಬೇರೆ. ಗಿರೀಶ ಕಾಸರವಳ್ಳಿಯವರ 1977ರ 'ಘಟಶ್ರಾದ್ಧ'ದ ನೆಗೆಟಿವ್ ಪುಣೆಯಲ್ಲಿ ಇದ್ದುದರಿಂದಲೇ ಅದನ್ನು ದುರಸ್ತಿ ಮಾಡಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಲು ಆಯಿತು. ದೇಶ ವಿಭಜನೆಯ ನಂತರ ಆಗ್ರಾದ ಒಂದು ಮುಸ್ಲಿಂ ಕುಟುಂಬ ಪಟ್ಟ ಪಾಡನ್ನು ಹೇಳುವ 'ಗರಂ ಹವಾ' ಮೈಸೂರಿನ ಎಂ.ಎಸ್. ಸತ್ಯು ಅವರ ಚಿತ್ರ. ಅದೂ ಹೊಸ ಜೀವ ಪಡೆದು 2014ರಲ್ಲಿ ಮತ್ತೆ ಚಿತ್ರಮಂದಿರಕ್ಕೆ ಬಂತು.

ಡಿಸ್ಕ್ ಬಂದ ಮೇಲೆ ಒಂದು ಚಿತ್ರ ಸಾವಿರಾರು ಮನೆಗಳಲ್ಲಿ ಏಕಕಾಲಕ್ಕೆ ಇರಲು ಸಾಧ್ಯವಾಯಿತು. 2007ರಲ್ಲಿ ಮೋಸರ್ ಬೇರ್ ಕಂಪನಿ ವಿ.ಸಿ.ಡಿ.ಯನ್ನು 28 ರೂಪಾಯಿಗೆ, ಡಿ.ವಿ.ಡಿ.ಯನ್ನು 34 ರೂಪಾಯಿಗೆ ಮಾರತೊಡಗಿದಾಗ ಬಸ್ ಸ್ಟ್ಯಾಂಡಿನ ಅಂಗಡಿಯಲ್ಲೂ ಸಿನಿಮಾ ಕೊಳ್ಳುವಂತಾಯಿತು. 2018ರಲ್ಲಿ ಆ ಕಂಪನಿಯನ್ನೇ ಮುಚ್ಚಲು ಆದೇಶವಾಯಿತು. ಅಂದು ಮಾರಾಟವಾದ ಡಿಸ್ಕ್‌ಗಳು ಮತ್ತೆ ಅಚ್ಚಾಗುವುದಿಲ್ಲ. ಈಗ ಸಿಗುವುದಾದರೆ ಹಳೆ ಸಾಮಾನಿನ ಅಂಗಡಿಯಲ್ಲಿ, ಇಲ್ಲವೇ ನಮ್ಮ ಅಲಮಾರಿಯಲ್ಲಿ.

ಇನ್ನು ವಿಜ್ಞಾನಕ್ಕೆ ಬರೋಣ. ಡಿಸ್ಕ್ 12 ಸೆಂಟಿಮೀಟರ್ ಅಗಲದ, 1.2 ಮಿಲಿಮೀಟರ್ ದಪ್ಪದ ಪಾಲಿಕಾರ್ಬೊನೇಟ್ ತಟ್ಟೆ. ಅದರೊಳಗೆ ಒಂದೇ ಒಂದು ಸುರುಳಿ ದಾರಿ ಮಧ್ಯದಿಂದ ಅಂಚಿಗೆ ಸಾಗುತ್ತದೆ. ಸಿ.ಡಿ.ಯ ಸುರುಳಿಯನ್ನು ಬಿಚ್ಚಿ ನೇರವಾಗಿ ಹಾಸಿದರೆ 5 ಕಿಲೋಮೀಟರಿಗೂ ಹೆಚ್ಚು ಉದ್ದ. ಆ ದಾರಿಯಲ್ಲಿ ಸಣ್ಣ ಸಣ್ಣ ಗುಳಿಗಳಿವೆ. ಗುಳಿಯ ಆಳ ಪ್ಲಾಸ್ಟಿಕ್ಕಿನೊಳಗಿನ ಲೇಸರ್ ತರಂಗಾಂತರದ ಸುಮಾರು ಕಾಲು ಭಾಗ. ಬೆಳಕು ಹೋಗಿ ಬರುವಷ್ಟರಲ್ಲಿ ಅರ್ಧ ತರಂಗಾಂತರದ ವ್ಯತ್ಯಾಸವಾಗಿ, ಗುಳಿಯಿಂದ ಬಂದ ಕಿರಣ ಸುತ್ತಲಿನ ಸಮತಟ್ಟಿನಿಂದ ಬಂದ ಕಿರಣವನ್ನು ಕುಂದಿಸುತ್ತದೆ. ದ್ವಿತೀಯ ಪಿಯುಸಿಯವರು ಓದುವ ವ್ಯತಿಕರಣ ಇದೇ. ಗುಳಿ ಎಂದರೆ 1, ಸಮತಟ್ಟು ಎಂದರೆ 0 ಎಂದು ಕೆಲವು ಕಡೆ ಬರೆದಿರುತ್ತದೆ, ಅದು ಸರಿಯಲ್ಲ. ಗುಳಿ ಶುರುವಾಗುವ ಅಥವಾ ಮುಗಿಯುವ ಅಂಚು 1, ಬದಲಾವಣೆ ಇಲ್ಲದ ಜಾಗ 0.

ತರಂಗಾಂತರ ಕಡಿಮೆಯಾದಷ್ಟೂ ಗುಳಿಯನ್ನು ಚಿಕ್ಕದು ಮಾಡಬಹುದು. ಸಿ.ಡಿ.ಗೆ 780 ನ್ಯಾನೊಮೀಟರ್, ಡಿ.ವಿ.ಡಿ.ಗೆ 650, ಬ್ಲೂ-ರೇಗೆ 405. ಆದ್ದರಿಂದ ಒಂದೇ ಗಾತ್ರದ ತಟ್ಟೆಯಲ್ಲಿ ಕ್ರಮವಾಗಿ 700 ಮೆಗಾಬೈಟ್, 4.7 ಗಿಗಾಬೈಟ್, 25 ಗಿಗಾಬೈಟ್ ಹಿಡಿಸುತ್ತದೆ. ವಿ.ಸಿ.ಡಿ.ಯಲ್ಲಿ ಒಂದು ಸಿನಿಮಾಕ್ಕೆ ಎರಡು ಮೂರು ಡಿಸ್ಕ್ ಬೇಕಾಗುತ್ತಿದ್ದುದು ಇದಕ್ಕೇ.

ಈಗ ಮುಖ್ಯ ವಿಷಯ. ಡಿಸ್ಕ್‌ಗಳಲ್ಲಿ ಎರಡು ಜಾತಿ. ಕಂಪನಿಯ ಸಿನಿಮಾ ಡಿಸ್ಕ್ ಅಚ್ಚೊತ್ತಿದ್ದು. ಅಚ್ಚಿನಿಂದ ಪ್ಲಾಸ್ಟಿಕ್ಕಿನಲ್ಲೇ ಗುಳಿ ಮೂಡಿಸಿ ಮೇಲೆ ಅಲ್ಯೂಮಿನಿಯಂ ಪದರ ಕೊಡುತ್ತಾರೆ. ಸ್ಟುಡಿಯೊದವರು ಮದುವೆ ಮುಗಿದ ಮೇಲೆ ಕೊಡುತ್ತಿದ್ದ ಡಿಸ್ಕ್ ಕಂಪ್ಯೂಟರಿನಲ್ಲಿ ಬರೆದದ್ದು. ಅದರಲ್ಲಿ ಗುಳಿಗಳೇ ಇಲ್ಲ. ಒಂದು ಸಾವಯವ ಬಣ್ಣದ ಪದರವನ್ನು ಲೇಸರ್ ಕಾವಿನಿಂದ ಅಲ್ಲಲ್ಲಿ ಸುಟ್ಟು ಗುರುತು ಮಾಡಿರುತ್ತಾರೆ, ಅಷ್ಟೇ. ಗುರುತಿಸುವುದು ಸುಲಭ. ತಟ್ಟೆಯನ್ನು ಮಗುಚಿ ನೋಡಿ. ಬೆಳ್ಳಿಯ ಬಣ್ಣವಿದ್ದರೆ ಸಾಮಾನ್ಯವಾಗಿ ಅಚ್ಚೊತ್ತಿದ್ದು. ನೇರಳೆ, ನೀಲಿ ಅಥವಾ ಹಸಿರು ಛಾಯೆ ಇದ್ದರೆ ಬರೆದದ್ದು. ಸಂತೆಯಲ್ಲಿ ತೆಳು ಕವರಿನಲ್ಲಿ ಸಿಗುತ್ತಿದ್ದ 'ಒಂದರಲ್ಲಿ ಐದು ಸಿನಿಮಾ' ಡಿ.ವಿ.ಡಿ.ಗಳಲ್ಲಿ ಬಹಳಷ್ಟು ಈ ನೇರಳೆ ಜಾತಿಯವು. ಅವು ಕಳ್ಳ ಪ್ರತಿಗಳು, ಚಿತ್ರವೂ ಮಸುಕು. ಅವುಗಳ ಬಗ್ಗೆ ಚಿಂತೆ ಬೇಡ.

ಬಣ್ಣ ಬಿಸಿಲಿಗೆ ಮಾಸುವುದು ಎಲ್ಲರಿಗೂ ಗೊತ್ತು. ಏಪ್ರಿಲ್-ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ನಮ್ಮ ರಾಯಚೂರು ಜಿಲ್ಲೆಯಲ್ಲಿ, ಪತ್ರಾಸಿನ ಮನೆಯ ಟಿ.ವಿ. ಮೇಲೆ ಇಟ್ಟ ಡಿಸ್ಕಿನ ಗತಿ ಊಹಿಸಿಕೊಳ್ಳಿ. ಬರೆದ ಡಿಸ್ಕ್‌ಗಳಲ್ಲಿ ಕೆಲವು ಹತ್ತಾರು ವರ್ಷ ಬಾಳುತ್ತವೆ, ಕೆಲವು ಐದಾರು ವರ್ಷಕ್ಕೇ ಕೈಕೊಡುತ್ತವೆ. ನೋಡಿದರೆ ಹೊಸದರಂತೆಯೇ ಇರುತ್ತದೆ, ಪ್ಲೇಯರಿಗೆ ಹಾಕಿದರೆ ಮಾತ್ರ ಓದುವುದಿಲ್ಲ.

ಸಿನಿಮಾ ಡಿಸ್ಕ್ ನಮ್ಮ ಮನೆಯಲ್ಲಿ ಹಾಳಾದರೆ ಬೇರೆ ಯಾರ ಮನೆಯಲ್ಲೋ ಅದರ ಜೋಡಿ ಇರುತ್ತದೆ. ಅಕ್ಕನ ನಿಕಾಹ್‌ನ ಡಿಸ್ಕಿಗೆ ಜೋಡಿ ಎಲ್ಲಿದೆ? ಮುದಗಲ್ಲಿನ ಮೊಹರಂಗೆ ಹುಸೇನಿ ಆಲಂ ನೋಡಲು ಜಾತಿ ಮತ ಎನ್ನದೆ ದೂರದೂರದಿಂದ ಜನ ಬರುತ್ತಾರೆ. ಹದಿನೈದು ವರ್ಷದ ಹಿಂದಿನ ಹಬ್ಬದ ಸವಾರಿ, ಹೆಜ್ಜೆ ಕುಣಿತ, ಕನ್ನಡದ ರಿವಾಯತ್ ಪದ ಯಾರದಾದರೂ ಮನೆಯ ಡಿಸ್ಕಿನಲ್ಲಿದ್ದರೆ, ಬಹುಶಃ ಅಲ್ಲಿ ಮಾತ್ರ ಇದೆ. ಅತಿ ದುರ್ಬಲವಾದ ತಟ್ಟೆಯಲ್ಲಿ ಅತಿ ಅಪರೂಪದ ವಿಷಯ ಕೂತಿದೆ. 'ಸತಿ ಸುಲೋಚನಾ'ಗೆ ಆದದ್ದೇ ಇವಕ್ಕೂ ಆಗಬಹುದು, ಪತ್ರಿಕೆಯಲ್ಲಿ ಸುದ್ದಿಯಾಗುವುದಿಲ್ಲ ಅಷ್ಟೇ. ಆದ್ದರಿಂದ ಸಂಗ್ರಹ ಮಾಡುವ ಆಸೆಯಿದ್ದವರು ನೇರಳೆ ತಟ್ಟೆಗಳಿಂದ ಶುರು ಮಾಡಬೇಕು ಎಂಬುದು ನನ್ನ ಅಭಿಪ್ರಾಯ.

ಒರೆಸುವಾಗ ಮೆತ್ತನೆ ಹತ್ತಿ ಬಟ್ಟೆಯಿಂದ ಮಧ್ಯದಿಂದ ಅಂಚಿಗೆ ನೇರವಾಗಿ ಒರೆಸಬೇಕು, ತಟ್ಟೆ ತೊಳೆಯುವಂತೆ ಸುತ್ತ ತಿರುಗಿಸಬಾರದು. ಇದಕ್ಕೆ ಕಾರಣವಿದೆ. ಡಿಸ್ಕಿನಲ್ಲಿ ಮಾಹಿತಿಯ ಜೊತೆಗೆ ತಪ್ಪು ತಿದ್ದುವ ಗಣಿತವೂ ಅಡಗಿದೆ. ಅದಕ್ಕೆ ರೀಡ್-ಸಾಲಮನ್ ಕೋಡ್ ಎನ್ನುತ್ತಾರೆ. ಸಿ.ಡಿ.ಯಲ್ಲಿ ದಾರಿಗುಂಟ ಸುಮಾರು 2.5 ಮಿಲಿಮೀಟರ್ ಅಳಿಸಿಹೋದರೂ ಅದು ಲೆಕ್ಕ ಹಾಕಿ ತುಂಬಿಕೊಳ್ಳಬಲ್ಲದು. ಅಡ್ಡ ಗೀರು ಪ್ರತಿ ಸುತ್ತಿನಲ್ಲೂ ಚೂರು ಚೂರೇ ಕೆಡಿಸುತ್ತದೆ, ತಿದ್ದಲು ಬರುತ್ತದೆ. ದಾರಿಗುಂಟ ಬಿದ್ದ ಗೀರು ಒಂದೇ ಕಡೆ ಉದ್ದಕ್ಕೆ ತಿಂದುಹಾಕುತ್ತದೆ. ಇನ್ನೊಂದು ಮಾತು: ಸಿ.ಡಿ.ಯ ಮಾಹಿತಿ ಪದರ ಹೆಸರು ಬರೆಯುವ ಬದಿಯಲ್ಲೇ ತೆಳು ವಾರ್ನಿಶ್ ಕೆಳಗಿದೆ. ಬಾಲ್ ಪೆನ್ನಿನಿಂದ ಒತ್ತಿ ಬರೆದರೆ ಮುಗಿಯಿತು. ಅಂಟುಚೀಟಿಯೂ ಬೇಡ. ಕವರಿನ ಮೇಲೆ ಬರೆದು, ಡಬ್ಬಿಯಲ್ಲಿ ನೆಟ್ಟಗೆ ನಿಲ್ಲಿಸಿ, ತಂಪಾದ ಕತ್ತಲೆ ಜಾಗದಲ್ಲಿಡಿ.

ಪ್ರತಿ ಮಾಡುವುದು ಕಷ್ಟವಲ್ಲ. ಹಳೆಯ ಕಂಪ್ಯೂಟರಿನ ಡಿ.ವಿ.ಡಿ. ಡ್ರೈವ್ ಸಾಕು, ಇಲ್ಲವೇ ಯು.ಎಸ್.ಬಿ.ಗೆ ಜೋಡಿಸುವ ಡ್ರೈವ್ ಸಿಗುತ್ತದೆ. ಡಿ.ವಿ.ಡಿ. ತೆರೆದರೆ 'ವಿಡಿಯೊ-ಟಿ.ಎಸ್.' ಎಂಬ ಫೋಲ್ಡರ್ ಕಾಣುತ್ತದೆ, ಅದನ್ನು ಇಡಿಯಾಗಿ ಹಾರ್ಡ್ ಡಿಸ್ಕಿಗೆ ನಕಲಿಸಿ. ವಿ.ಸಿ.ಡಿ.ಯಾದರೆ 'ಎಂಪೆಗ್-ಎ.ವಿ.' ಫೋಲ್ಡರಿನೊಳಗಿನ ಡಾಟ್ ಫೈಲುಗಳು. ಎರಡನ್ನೂ ವಿ.ಎಲ್.ಸಿ. ತೋರಿಸುತ್ತದೆ. ಮಧ್ಯದಲ್ಲಿ ನಿಂತುಬಿಡುವ ಡಿಸ್ಕಿಗೆ ಡಿ.ಡಿ.ರೆಸ್ಕ್ಯೂ ಎಂಬ ಉಚಿತ ತಂತ್ರಾಂಶವಿದೆ. ಅದು ಕೆಟ್ಟ ಜಾಗವನ್ನು ದಾಟಿ ಮುಂದಿನದನ್ನು ಮೊದಲು ಓದಿಕೊಂಡು, ಆಮೇಲೆ ಹಿಂದಕ್ಕೆ ಬಂದು ಪ್ರಯತ್ನಿಸುತ್ತದೆ. ಪ್ರತಿಯನ್ನು ಎರಡು ಬೇರೆ ಕಡೆ ಇಡಿ, ಒಂದು ನಿಮ್ಮಲ್ಲಿ, ಇನ್ನೊಂದು ಮಾಮನ ಮನೆಯಲ್ಲಿ. ವಾಟ್ಸಾಪಿನಲ್ಲಿ ವಿಡಿಯೊ ಎಂದು ಕಳಿಸಿದರೆ ಅದು ಕುಗ್ಗಿ ಗುಣಮಟ್ಟ ಹೋಗುತ್ತದೆ, ಅದನ್ನು ಉಳಿಸಿದಂತಾಗದು.

ಇದೆಲ್ಲ ನಮ್ಮ ಮನೆಯ ಚಿತ್ರೀಕರಣಕ್ಕೆ ಹೇಳಿದ್ದು. ಕಂಪನಿಯ ಸಿನಿಮಾವನ್ನು ನಕಲಿಸಿ ಹಂಚುವುದು, ಮಾರುವುದು ಅಪರಾಧ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಚಿತ್ರದ ಹಕ್ಕು ಬಿಡುಗಡೆಯ ಮರುವರ್ಷದಿಂದ 60 ವರ್ಷ ಇರುತ್ತದೆ. 1954ರ 'ಬೇಡರ ಕಣ್ಣಪ್ಪ'ದ ಅವಧಿ ಮುಗಿದಿದೆ, ನಮ್ಮ ಅಪ್ಪಂದಿರ ಕಾಲದ ಚಿತ್ರಗಳದ್ದು ಮುಗಿದಿಲ್ಲ.

ನಕಲಿಸಿದ ಮೇಲೆ ಫೈಲಿಗೆ ಹೆಸರಿಡುವ ಕೆಲಸ ಉಳಿಯುತ್ತದೆ. ಯಾರ ಮದುವೆ, ಯಾವ ಊರು, ಯಾವ ವರ್ಷ, ಪದ ಹೇಳುತ್ತಿರುವವರು ಯಾರು, ಅಲಗು ಹಿಡಿದವರು ಯಾರು. ಮುಖ ನೋಡಿ ಇದನ್ನು ಹೇಳಬಲ್ಲವರು ಮನೆಯಲ್ಲಿ ದಾದಾ-ದಾದಿ, ಅಜ್ಜ-ಅಜ್ಜಿಯರೇ. ರಜೆಯಲ್ಲಿ ವಿಡಿಯೊ ಹಾಕಿ ಅವರ ಪಕ್ಕ ಕುಳಿತು, ಬೇಕಾದಲ್ಲಿ ನಿಲ್ಲಿಸಿ, ಒಂದೊಂದೇ ಹೆಸರು ಬರೆದುಕೊಳ್ಳಿ. ಆ ಹಾಳೆಯ ಫೋಟೊ ತೆಗೆದು ಅದೇ ಫೋಲ್ಡರಿನಲ್ಲಿ ಇಡಿ.